ಗೋಡೆಯಾಚೆಯ ಸಿಗ್ನಲ್

ಕಿವಿ ಕೇಳಿಸುವವರ ಮನೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ, ಚಿತ್ರ ನಿಂತರೂ ಧ್ವನಿ ಹೇಗೋ ತಡವರಿಸಿಕೊಂಡು ಬಂದು ಸೇರುತ್ತದೆ. ನಮ್ಮ ಮನೆಯಲ್ಲಿ ಹಾಗಲ್ಲ. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳು ಮಾತನಾಡುವುದು ಕೈಗಳಿಂದ. ಅವಳ ಪಾಲಿಗೆ ಚಿತ್ರವೇ ಧ್ವನಿ. ಆದ್ದರಿಂದ ಬುಧವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಅವಳ ಬಲಗೈ ಮಾತಿನ ನಡುವೆ ಗಾಳಿಯಲ್ಲಿ ನಿಂತಲ್ಲೇ ನಿಂತುಬಿಟ್ಟಾಗ, ಯಾರೋ ಬಂದು ಅವಳ ಬಾಯಿ ಮುಚ್ಚಿದಂತೆಯೇ ಆಯಿತು.

ಆಚೆ ಬದಿಯಲ್ಲಿದ್ದುದು ನರ್ಸುಗಳ ತರಬೇತಿ ಕೇಂದ್ರ. ಕಿವಿ ಕೇಳಿಸದ ರೋಗಿಗಳೊಡನೆ ಮಾತನಾಡಲು ನರ್ಸುಗಳಿಗೆ ಕೈಮಾತು ಕಲಿಸುವ ಶಿಕ್ಷಕರೊಬ್ಬರು ಅವರಿಗೆ ಬೇಕಾಗಿದ್ದರು. ಅರ್ಜಿ ಹಾಕಿದವರಲ್ಲಿ ಕೊನೆಗೆ ಉಳಿದವರು ಇಬ್ಬರು: ನನ್ನ ಅಮ್ಮ, ಮತ್ತು ಕೈಮಾತನ್ನು ತರಗತಿಯಲ್ಲಿ ಕಲಿತಿದ್ದ, ಕಿವಿ ಕೇಳಿಸುವ ಒಬ್ಬ ಮೇಷ್ಟರು. ಗುರುವಾರ ಹನ್ನೊಂದಕ್ಕೆ ಅಮ್ಮ ಆಯ್ಕೆ ಸಮಿತಿಯ ಮುಂದೆ ವಿಡಿಯೋದಲ್ಲಿ ಮಾದರಿ ಪಾಠ ಮಾಡಬೇಕಿತ್ತು. ಅವಳ ಕೈ ಹೇಳಿದ್ದನ್ನು ಸಮಿತಿಗೆ ಬಾಯಲ್ಲಿ ಹೇಳಲು ಕೇಂದ್ರದಲ್ಲೇ ಒಬ್ಬ ಅನುವಾದಕಿ ಇದ್ದಳು. ಬುಧವಾರದ್ದು ಎಲ್ಲವೂ ಸರಿಯಿದೆಯೇ ಎಂದು ನೋಡುವ ಕರೆ ಮಾತ್ರ. ಅದೇ ಹೀಗಾಯಿತು.

ಸಂಜೆಯ ಹೊತ್ತಿಗೆ ಕೇಂದ್ರದ ಅಧಿಕಾರಿಯ ಸಂದೇಶ ಬಂತು. ನಾಳೆಯೂ ಚಿತ್ರ ಹೀಗೆಯೇ ನಿಂತರೆ ಪಾಠವನ್ನು ಅಳೆಯಲು ಸಾಧ್ಯವಿಲ್ಲ, ಆಗ ಇನ್ನೊಬ್ಬ ಅಭ್ಯರ್ಥಿಯನ್ನೇ ಆರಿಸಬೇಕಾಗುತ್ತದೆ ಎಂದು ಅವರು ವಿನಯದಿಂದಲೇ ಬರೆದಿದ್ದರು. ಬೇಕಿದ್ದರೆ ಮಗಳು ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಮಾತನಾಡಬಹುದು ಎಂಬ ಸಲಹೆಯೂ ಇತ್ತು.

ಅಮ್ಮ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಅವಳ ಕೈಮಾತನ್ನು ಇಲ್ಲಿ ಬಾಯಿಮಾತಿನಂತೆಯೇ ಬರೆಯುತ್ತೇನೆ. ನನ್ನ ಕಣ್ಣಿಗೆ ಅದು ಹಾಗೆಯೇ ಕೇಳಿಸುವುದು.

"ನೀನು ಮಾತಾಡಿದ್ರೆ ಕೆಲಸಾನೂ ನಿಂಗೇ ಕೊಡ್ಲಿ" ಎಂದಳು. "ಇಷ್ಟು ವರ್ಷ ಬ್ಯಾಂಕಲ್ಲಿ, ಆಸ್ಪತ್ರೇಲಿ, ನಿನ್ನ ಸ್ಕೂಲಲ್ಲಿ ಬೇರೆಯವರ ಬಾಯಲ್ಲಿ ಮಾತಾಡಿದ್ದು ಸಾಕಾಗಿದೆ. ಇದೊಂದು ಕೆಲಸ ನನ್ನ ಕೈಯಿಂದ ಬರಬೇಕು. ಇಲ್ಲಾಂದ್ರೆ ಬೇಡ."

ಅಷ್ಟು ಹೇಳಿ ಎದ್ದುಹೋಗಿ ಒಗೆದ ಬಟ್ಟೆ ಮಡಚಲು ಕುಳಿತಳು. ಒಂದೇ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು.

ಹಾಲ್‌ನಲ್ಲಿ ಅಪ್ಪನೂ ಮಾವನೂ ಆಗಲೇ ತಪ್ಪಿತಸ್ಥನನ್ನು ಹಿಡಿದು ಶಿಕ್ಷೆಯನ್ನೂ ವಿಧಿಸಿ ಮುಗಿಸಿದ್ದರು. ಇಂಟರ್ನೆಟ್ ಕಂಪನಿಯವರು ಹಿಂದಿನ ಶನಿವಾರವಷ್ಟೇ ಹಳೆಯ ಬಾಕ್ಸ್ ತೆಗೆದು ಹೊಸತನ್ನು ಕೂರಿಸಿ ಹೋಗಿದ್ದರು. ಅದಕ್ಕೆ ಮುಂಚೆ ಅಮ್ಮ ಇದೇ ಕೇಂದ್ರದೊಡನೆ ಎರಡು ಸಲ ಮಾತನಾಡಿದ್ದಳು, ಒಂದು ಅಡಚಣೆಯೂ ಇರಲಿಲ್ಲ. ಇನ್ನು ಸಾಕ್ಷಿ ಯಾಕೆ?

"ಹೊಸ ಡಬ್ಬ, ಹಳೇ ಬುದ್ಧಿ" ಎಂದ ಮಾವ. ಅವನು ಅಮ್ಮನ ತಮ್ಮ. ಬೀದಿಯ ತಿರುವಿನಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ. ಒಮ್ಮೆ ಒಂದು ಇಸ್ತ್ರಿಪೆಟ್ಟಿಗೆಯನ್ನು ಪರೀಕ್ಷಿಸಲು ಹೋಗಿ ಇಡೀ ಬೀದಿಯ ದೀಪ ಆರಿಸಿದ ಮೇಲೆ, ಅಮ್ಮ ಕೈಮಾತಿನಲ್ಲಿ ಅವನಿಗೆ ಐದು ಬೆರಳನ್ನೂ ಚಟ್ಟನೆ ಚಿಮ್ಮಿಸುವ ಹೆಸರಿಟ್ಟಳು. ಅಂದಿನಿಂದ ಅವನು ಮನೆಯವರಿಗೆಲ್ಲ ಕಿಡಿಮಾವ. ಅವನ ಎಲ್ಲ ರಿಪೇರಿಗಳೂ ಎರಡು ಏಟಿನಿಂದ ಆರಂಭವಾಗುತ್ತವೆ. ಬಾಕ್ಸಿಗೂ ಎರಡು ಬಿಟ್ಟಿದ್ದ.

ನಾನು ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಯುವಕ ಸಿಕ್ಕಿದ.

"ಬಾಕ್ಸ್ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಮೇಡಂ?"

"ನೋಡಿದೆ."

"ಇನ್ನೊಂದ್ಸಲ ನೋಡ್ತೀರಾ?"

ನೋಡಿದೆ. ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿ ಕಾಣ್ತಿದೆ ಮೇಡಂ ಎಂದು ಹೇಳಿ, ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದ. ಈ ಸಹಾಯವೇ ಇನ್ನೂ ಸಿಕ್ಕಿಲ್ಲವಲ್ಲ ಎಂದೆ.

ಅಪ್ಪ ಫೋನ್ ಕಸಿದುಕೊಂಡು, "ಏನಪ್ಪಾ, ಕಸುಬು ಅಂದ್ರೆ ಗೊತ್ತಾ ನಿಮಗೆ? ನಾನು ಒಂದು ಗಾಜು ಕೂರಿಸಿದ್ರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಎಂದು ಶುರುಮಾಡಿದ. ಆ ಯುವಕ ಅಷ್ಟರಲ್ಲಿ ಕರೆ ಮುಗಿಸಿದ್ದ.

ಅಪ್ಪನ ಕಸುಬು ಗಾಜು. ಕಿಟಕಿ, ಅಂಗಡಿಯ ಮುಂಬಾಗಿಲು, ಕನ್ನಡಿ, ಎಲ್ಲವನ್ನೂ ಅಳೆದು ಕತ್ತರಿಸಿ ಕೂರಿಸುತ್ತಾನೆ. ಆ ಕಸುಬಿನಿಂದ ನಮ್ಮ ಮನೆಗೆ ಬೇರೆ ಯಾರ ಮನೆಯಲ್ಲೂ ಇರದ ಒಂದು ಸೌಕರ್ಯ ಒದಗಿದೆ. ಬೆನ್ನ ಹಿಂದೆ ಯಾರಾದರೂ ಬಂದರೆ ಅಮ್ಮನಿಗೆ ತಿಳಿಯುವುದಿಲ್ಲ. ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾಳೆ. ಆದ್ದರಿಂದ ಒಲೆಯ ಮೇಲ್ಗಡೆ ಒಂದು, ಓಣಿಯ ತುದಿಯಲ್ಲಿ ಒಂದು, ಬಟ್ಟೆ ಒಗೆಯುವ ಜಾಗದಲ್ಲಿ ಒಂದು ಹೀಗೆ ಅವಳು ನಿಲ್ಲುವೆಡೆಯಲ್ಲೆಲ್ಲ ಅಪ್ಪ ಕನ್ನಡಿ ಹಾಕಿದ್ದಾನೆ. ನಮ್ಮ ಮನೆಯಲ್ಲಿ ಕನ್ನಡಿ ಮುಖ ನೋಡಿಕೊಳ್ಳಲು ಅಲ್ಲ, ಬರುವವರನ್ನು ನೋಡಲು.

ಹೊಸ ಕೆಲಸಕ್ಕೆಂದು ಅಮ್ಮ ಒಳಗಿನ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದಳು. ಮೇಜಿನ ಮುಂದೆ ಗೋಡೆ, ಬಾಗಿಲು ಬೆನ್ನಿಗೆ. ಅಪ್ಪ ಅದನ್ನು ನೋಡಿದವನೇ ಅಳತೆಪಟ್ಟಿ ತೆಗೆದಿದ್ದ. ಕಳೆದ ಭಾನುವಾರ ಆ ಗೋಡೆಗೆ ನೆಲದಿಂದ ತೊಲೆಯವರೆಗೆ, ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಹಾಳೆಯ ಕನ್ನಡಿಯನ್ನು ಅಂಟಿಸಿ ನಿಲ್ಲಿಸಿದ. "ನೋಡಿ, ಎಲ್ಲೂ ಜೋಡಣೆ ಇಲ್ಲ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿರಲಿಲ್ಲ. ಅಷ್ಟು ದೊಡ್ಡ ಹಾಳೆಯನ್ನು ತನ್ನ ಮನೆಗಾಗಿ ಅವನು ಎಂದೂ ಕತ್ತರಿಸಿರಲಿಲ್ಲ.

ಗುರುವಾರ ಬೆಳಗ್ಗೆ ನಾನು ಊಹೆಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಆರಂಭಿಸಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ನಮ್ಮ ಪ್ರಯೋಗಾಲಯದ ಮೇಡಂ ಒಂದು ಶಿಸ್ತನ್ನು ತಲೆಗೆ ತುಂಬಿದ್ದರು: ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಮುಟ್ಟಬೇಡ. ಮೊದಲು ಲ್ಯಾಪ್‌ಟಾಪನ್ನು ಹಾಲ್‌ಗೆ ತಂದು ಬಾಕ್ಸಿಗೆ ನೇರವಾಗಿ ಒಂದು ಗಿಡ್ಡ ಕೇಬಲ್‌ನಿಂದ ಜೋಡಿಸಿದೆ. ಮಾವ ತನ್ನ ಅಂಗಡಿಯಿಂದ ವಿಡಿಯೋ ಕರೆ ಮಾಡಿ ಹಲ್ಲು ಕಿರಿದ; ಒಂದೊಂದು ಹಲ್ಲೂ ಸ್ಪಷ್ಟವಾಗಿತ್ತು. ಅಂದರೆ ಹೊರಗಿನ ಲೈನೂ ಸರಿ, ಕಂಪನಿಯ ಬಾಕ್ಸೂ ಸರಿ. ಕೇಬಲ್ ಕಿತ್ತು ವೈಫೈಗೆ ಬದಲಿಸಿ ಅಲ್ಲೇ ಕುಳಿತೆ. ಆಗಲೂ ಸರಿ. ಅಂದರೆ ಲ್ಯಾಪ್‌ಟಾಪಿನದೂ ತಪ್ಪಲ್ಲ.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅದು ಮನೆಯ ಕೊನೆಯ ತುದಿ. ಚಿತ್ರ ಅಲ್ಲಿಯೂ ಓಡುತ್ತಿತ್ತು. ಅಲ್ಲಿಂದ ಅಮ್ಮನ ಕೋಣೆಗೆ ಬಂದು ಮೇಜಿನ ಮೇಲಿಟ್ಟೆ. ಸಿಗ್ನಲಿನ ಗೆರೆಗಳು ಒಂದಕ್ಕೆ ಇಳಿದವು. ಮಾವನ ಮುಖ ಬಾಯಿ ತೆರೆದಂತೆಯೇ ಕಲ್ಲಾಯಿತು.

ನಾನು ಲೆಕ್ಕ ಹಾಕುತ್ತ ನಿಂತೆ. ಬಾಕ್ಸಿಗೂ ಈ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಅಡುಗೆಮನೆಗೆ ಮೂರು. ದೂರದ ಜಾಗಕ್ಕೆ ಸುಲಭವಾಗಿ ತಲುಪುವ ಅಲೆ ಹತ್ತಿರದ ಜಾಗಕ್ಕೆ ತಲುಪುತ್ತಿಲ್ಲವೆಂದರೆ ಅದು ದೂರದ ಪ್ರಶ್ನೆಯಲ್ಲ, ಅಡ್ಡಿಯ ಪ್ರಶ್ನೆ. ಗೋಡೆಯೋ ಮೊದಲಿನಿಂದಲೂ ಇತ್ತು. ಹಾಗಾದರೆ ಈ ಗೋಡೆಗೆ ಹೊಸದಾಗಿ ಆದದ್ದೇನು ಎಂದು ತಲೆಯೆತ್ತಿ ನೋಡಿದೆ.

ಗೋಡೆ ಕಾಣಲಿಲ್ಲ. ನನ್ನ ಮುಖ ಕಂಡಿತು.

ಕನ್ನಡಿಯ ಗಾಜಿನ ಹಿಂದೆ ಇರುವುದು ಬೆಳ್ಳಿಯ ತೆಳುವಾದ ಲೇಪ. ಬೆಳಕನ್ನು ತಿರುಗಿಸಿ ಕಳಿಸುವ ಅದೇ ಲೇಪ ವೈಫೈನ ಅಲೆಯನ್ನೂ ತಿರುಗಿಸಿ ಕಳಿಸುತ್ತದೆ. ಸಣ್ಣ ಕನ್ನಡಿಯಾದರೆ ಅಲೆ ಪಕ್ಕದಿಂದ ನುಸುಳಿಕೊಂಡು ಬಂದೀತು. ಅಪ್ಪ ನುಸುಳಲು ಒಂದು ಬೆರಳಷ್ಟೂ ಸಂದು ಬಿಟ್ಟಿರಲಿಲ್ಲ. ಒಂದೇ ವಾರದಲ್ಲಿ ನಮ್ಮ ಮನೆಯಲ್ಲಿ ಎರಡು ಬದಲಾವಣೆಗಳಾಗಿದ್ದವು. ನಾವು ಪರರದ್ದನ್ನು ಮಾತ್ರ ನೋಡಿದ್ದೆವು.

ತಿಳಿದದ್ದು ಸುಲಭ, ಅಪ್ಪನಿಗೆ ಹೇಳುವುದು ಕಷ್ಟ. ಹೇಳಿದೆ. ಅವನು ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ತನ್ನನ್ನೇ ನೋಡಿಕೊಂಡ.

"ಹಂಗಾದ್ರೆ ಅವಳಿಗೆ ಅಡ್ಡ ನಿಂತಿರೋದು ನಾನೇ ಅನ್ನು."

"ನೀನಲ್ಲಪ್ಪಾ, ಬೆಳ್ಳಿ ಲೇಪ."

"ಹಚ್ಚಿದ್ದು ಯಾರೋ, ನಿಲ್ಸಿದ್ದು ನಾನು ತಾನೇ?"

ಅಂಗಡಿ ಮುಚ್ಚಿ ಓಡಿಬಂದಿದ್ದ ಮಾವ ಬಾಗಿಲಿನಿಂದಲೇ, "ಭಾವ, ಆ ಕಂಪನಿ ಹುಡುಗನಿಗೆ ಫೋನ್ ಹಚ್ಚಿ ಕೊಡ್ಲಾ? ನಿನ್ನೆ ಕಸುಬಿನ ಪಾಠ ಅರ್ಧಕ್ಕೇ ನಿಂತಿತ್ತು" ಎಂದ.

"ನೀನು ಸುಮ್ನಿರಯ್ಯಾ. ಡಬ್ಬಕ್ಕೆ ಗುದ್ದಿ ನೆಟ್‌ವರ್ಕ್ ತರೋನು."

ಅಷ್ಟರಲ್ಲಿ ಕನ್ನಡಿಯಲ್ಲಿ ಅಮ್ಮ ಕಾಣಿಸಿಕೊಂಡಳು. ಪಾಠಕ್ಕೆಂದು ಕಡುನೀಲಿಯ ಉಡುಪು ತೊಟ್ಟು, ಕೈಗಳು ಎದ್ದು ಕಾಣಲೆಂದು ಬಳೆ ಉಂಗುರಗಳನ್ನು ತೆಗೆದಿಟ್ಟಿದ್ದಳು. ನಾನು ವಿಷಯ ವಿವರಿಸಿದೆ. ಅಪ್ಪ ನಡುವೆ ಬಂದು ತನ್ನ ಒರಟು ಕೈಮಾತಿನಲ್ಲಿ, "ತೆಗೆದುಬಿಡ್ತೀನಿ" ಎಂದ.

"ಅಂಟಿಸಿದ್ದು ತೆಗೆದ್ರೆ ಚೂರಾಗುತ್ತೆ" ಎಂದಳು ಅಮ್ಮ. "ಮತ್ತೆ, ತೆಗೀಬೇಡಿ. ನಾಲ್ಕು ದಿನದಿಂದ ಈ ಕೋಣೇಲಿ ಒಂದು ಸಲಾನೂ ಬೆಚ್ಚಿಬಿದ್ದಿಲ್ಲ ನಾನು."

ಉಳಿದ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಮೇಜನ್ನು ಹಾಲ್‌ಗೆ ಸಾಗಿಸೋಣವೆಂದರೆ, ಅಲ್ಲಿ ಬೀದಿಯ ಕಿಟಕಿಯ ಬೆಳಕು ಹಿಂದಿನಿಂದ ಬಿದ್ದು ಅಮ್ಮನ ಕೈಗಳು ಬರೀ ನೆರಳಾಗುತ್ತಿದ್ದವು. ಬಾಕ್ಸನ್ನೇ ಕೋಣೆಗೆ ತರೋಣವೆಂದರೆ, ಅದಕ್ಕೆ ಬರುವ ಲೈನಿನ ಒಳಗಿರುವುದು ಕೂದಲಿನಂಥ ಗಾಜಿನ ಎಳೆ, ಅದೂ ಹಾಲ್‌ನ ಗೋಡೆಯ ತುದಿಯವರೆಗೆ ಮಾತ್ರ.

"ಅದೂ ಗಾಜೇನಾ?" ಎಂದು ಅಪ್ಪ ಕುತೂಹಲದಿಂದ ಬಗ್ಗಿ ನೋಡಿದ. "ಹಂಗಾದ್ರೆ ಯಾರೂ ಎಳೀಬೇಡಿ. ಗಾಜಿಗೆ ಎಳೆದ್ರೆ ಆಗಿಬರಲ್ಲ."

ಉಳಿದದ್ದು ಕೇಬಲ್ ಒಂದೇ. ಮಾವನ ಅಂಗಡಿಯಲ್ಲಿ ಒಂದು ಸುರುಳಿಯ ಬಾಕಿ ತುಂಡು ಇತ್ತು. ತುದಿಗೆ ಪ್ಲಗ್ ಒತ್ತುವ ಇಕ್ಕಳವೂ ಇತ್ತು. ಹಾಲ್‌ನಿಂದ ಓಣಿ ಹಿಡಿದು ಬಾಗಿಲು ಬಳಸಿ ಕೋಣೆಯೊಳಗೆ ಎಳೆದು ನೋಡಿದರೆ, ಮೇಜು ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮುಗಿದುಹೋಯಿತು. ನೇರವಾಗಿ ಗೋಡೆಯ ಮೂಲಕವಾದರೆ ಬೇಕಾದಷ್ಟಾಗುತ್ತಿತ್ತು. ಆದರೆ ಗೋಡೆಯ ಈ ಮಗ್ಗುಲಿಗೆ ಜೋಡಣೆಯೇ ಇಲ್ಲದ ಆ ಹಾಳೆ. ಮುಂದಿನ ಮಾತು ಹೇಳಬೇಕಾದವನು ಅಪ್ಪನೇ ಎಂದು ಎಲ್ಲರಿಗೂ ಗೊತ್ತಿತ್ತು.

ಅವನು ಮೇಜಿನ ಮಟ್ಟದಲ್ಲಿ ಗಾಜಿನ ಮೇಲೆ ಹೆಬ್ಬೆರಳಿಟ್ಟ. "ಇಲ್ಲಿ ತೂತು ಹಾಕೋಣ."

ಅಮ್ಮ ಅವನ ಮಣಿಕಟ್ಟು ಹಿಡಿದಳು. "ಒಡೆದ್ರೆ?"

"ಒಡೆಯಲ್ಲ. ನನ್ನ ಕೈಲಿ ಗಾಜು ಒಡೆದಿದ್ದು ಯಾವತ್ತಾದ್ರೂ ನೋಡಿದೀಯಾ?"

"ನೋಡಿದೀನಿ. ಮದುವೆಯಾದ ವರ್ಷ, ನನ್ನ ತವರಿಂದ ತಂದ ಕನ್ನಡಿ."

"ಅದು ನಿನ್ನ ಕೈಲಿ ಒಡೆದಿದ್ದು!"

"ಅವತ್ತಿಂದ ಇದೇ ಸುಳ್ಳು" ಎಂದಳು ಅಮ್ಮ ನನ್ನ ಕಡೆ ತಿರುಗಿ. ಆದರೆ ಮಣಿಕಟ್ಟನ್ನು ಬಿಟ್ಟಿದ್ದಳು.

ಗಾಜು ಕೊರೆಯುವುದು ಸುತ್ತಿಗೆಯವರ ಕೆಲಸವಲ್ಲ. ಅಪ್ಪ ಬ್ಯಾಟರಿಯ ಡ್ರಿಲ್‌ಗೆ ವಜ್ರದ ಪುಡಿ ಕೂರಿಸಿದ ಟೊಳ್ಳು ಬಿಟ್ ಸಿಕ್ಕಿಸಿದ. ಬಿಸಿಯೇರಿದರೆ ಗಾಜು ಸೀಳುತ್ತದೆ, ಆದ್ದರಿಂದ ನೀರು ಬೀಳುತ್ತಲೇ ಇರಬೇಕು. ನೀರಿನ ಬಾಟಲಿ ಮಾವನ ಕೈಗೆ ಬಂತು. "ಒಂದೇ ಧಾರೆ. ಮಾತು ಬೇಡ" ಎಂದ ಅಪ್ಪ. ಮಾವ ಮಾತಿಲ್ಲದೆ ನಿಂತದ್ದನ್ನು ನಾನು ಅಂದೇ ಕಂಡದ್ದು.

ಅಪ್ಪ ಮೊದಲು ಬಿಟ್ಟನ್ನು ಓರೆಯಾಗಿ ಹಿಡಿದು ಗಾಜಿನ ಮೇಲೆ ಉಗುರಿನಾಕಾರದ ಗೆರೆ ಮೂಡಿಸಿದ. ಆಮೇಲೆ ನಿಧಾನವಾಗಿ ನೆಟ್ಟಗೆ ಮಾಡಿದ. ಬಿಳಿಯ ರಾಡಿ ಗಾಜಿನ ಗುಂಟ ಇಳಿಯಿತು. ಆ ಸದ್ದು ಹಲ್ಲಿನ ಬೇರಿಗೆ ತಾಗುವಂಥದ್ದು. ಅಮ್ಮನಿಗೆ ಸದ್ದಿಲ್ಲ, ಅವಳು ಮುಂದೆ ಬಂದು ಎಡ ಅಂಗೈಯನ್ನು ಕನ್ನಡಿಗೆ ಒತ್ತಿಹಿಡಿದಳು. ಅಪ್ಪನ ಅಂಗಡಿಯಲ್ಲಿ ವರ್ಷಗಟ್ಟಲೆ ಜೊತೆಗೆ ನಿಂತವಳು ಅವಳು. ಗಾಜಿನ ನಡುಕ ತೆಳುವಾಗುತ್ತ ಬಂದದ್ದು ಅವಳ ಅಂಗೈಗೆ ತಿಳಿದಿರಬೇಕು; ಬಲಗೈಯ ತೋರುಬೆರಳನ್ನು ಎತ್ತಿದಳು. ಅಪ್ಪ ತಲೆಯೆತ್ತದೆ ಕನ್ನಡಿಯಲ್ಲೇ ಆ ಬೆರಳನ್ನು ಕಂಡು ಒತ್ತಡ ಸಡಿಲಿಸಿದ. ಡ್ರಿಲ್ ಗೊಣಗಿತು, ನಿಂತಿತು. ಗಾಜಿನ ಪುಟ್ಟ ಬಿಲ್ಲೆಯೊಂದು ಬಿಟ್ಟಿನ ಹೊಟ್ಟೆಯೊಳಗೆ ಉಳಿಯಿತು. ಹಾಳೆಯ ಮೇಲೆ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

ಅಪ್ಪ ಮೂಗಿನ ಮೇಲಿನ ಬೆವರನ್ನು ತೋಳಿಗೆ ಒರೆಸಿಕೊಂಡು ಅಮ್ಮನನ್ನು ನೋಡಿದ. ಆ ನೋಟದಲ್ಲಿ ಎಷ್ಟು ಜಂಬವಿತ್ತೆಂದರೆ ಅಮ್ಮನೇ ನಾಚಿ ಮುಖ ತಿರುಗಿಸಬೇಕಾಯಿತು.

ಗೋಡೆ ಕೊರೆಯುವುದು ಅದಕ್ಕೆ ಹೋಲಿಸಿದರೆ ಸಲೀಸು. ಕೇಬಲ್ ಬಂತು. ಅದರೊಳಗಿನ ಎಂಟು ಬಣ್ಣದ ತಂತಿಗಳನ್ನು ಕ್ರಮದಲ್ಲಿ ಜೋಡಿಸಿ ಪ್ಲಗ್ ಒತ್ತುವುದು ನನ್ನ ಪಾಲಿನ ಕೆಲಸ. ಒತ್ತಿ ಸಿಕ್ಕಿಸಿದೆ. ಲ್ಯಾಪ್‌ಟಾಪ್ ಏನನ್ನೂ ಗುರುತಿಸಲಿಲ್ಲ.

"ಎರಡು ಬಿಡ್ಲಾ?" ಎಂದ ಮಾವ.

ಅವಸರದಲ್ಲಿ ನೀಲಿಯೂ ಹಸಿರೂ ಜಾಗ ಬದಲಿಸಿಕೊಂಡಿದ್ದವು. ಪ್ಲಗ್ಗನ್ನು ಕತ್ತರಿಸಿ ಎಸೆದೆ. ತಂತಿಗಳನ್ನು ಮತ್ತೆ ಸುಲಿದು, ನೇರಮಾಡಿ, ಸಾಲಾಗಿ ಹಿಡಿದು, ಒಂದೊಂದರ ಬಣ್ಣವನ್ನೂ ಬಾಯಿಬಿಟ್ಟು ಹೇಳಿಕೊಂಡು ಒತ್ತಿದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಹಸಿರು ದೀಪ ಮಿನುಗಿತು. ವೈಫೈ ಆರಿಸಿ ಕರೆ ಮಾಡಿ ನೋಡಿದೆ. ಹಾಲ್‌ನಲ್ಲಿ ಫೋನ್ ಹಿಡಿದು ನಿಂತಿದ್ದ ಮಾವ ಕೈಕಾಲು ಬೀಸಿ ಕುಣಿದ, ಒಂದು ಹೆಜ್ಜೆಯೂ ತಪ್ಪದೆ ಬಂತು.

ಅಮ್ಮ ಕುರ್ಚಿಯಲ್ಲಿ ಕುಳಿತು ಬೆನ್ನು ನೆಟ್ಟಗೆ ಮಾಡಿದಳು. ನಾನು ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದೆ.

"ಅದು ಯಾಕೆ?"

"ಏನಾದ್ರೂ ಬೇಕಾದ್ರೆ..."

"ಬೇಕಾಗಲ್ಲ. ಹೊರಗೆ ಹೋಗು. ನೀನು ಪಕ್ಕದಲ್ಲಿದ್ರೆ ಅವರ ಕಣ್ಣು ನಿನ್ನ ಬಾಯಿ ಮೇಲೇ ಇರುತ್ತೆ."

ಹೊರಗೆ ಹೋದೆ. ಕೇಳಿಸುವ ಮೂವರು, ಒಂದೂ ಶಬ್ದವಿಲ್ಲದ ಕೋಣೆಯ ಹೊರಗೆ ಸಾಲಾಗಿ ನಿಂತೆವು. ಬೇರೆ ಯಾರ ಪರೀಕ್ಷೆಯಾದರೂ ಬಾಗಿಲಿಗೆ ಕಿವಿಯಾನಿಸಿ ಏನಾಗುತ್ತಿದೆಯೆಂದು ತಿಳಿಯಬಹುದಿತ್ತು. ಇಲ್ಲಿ ಕಿವಿಗೆ ಕೆಲಸವಿಲ್ಲ. ಅಪ್ಪ ಉಗುರು ಕಚ್ಚುತ್ತಿದ್ದ. ಮಾವ ಹೋಗಿ ಬಾಕ್ಸಿನ ಮುಂದೆ ಮಂಡಿಯೂರಿ ದೀಪಗಳನ್ನು ಕಾಯತೊಡಗಿದ, ಒಂದಾದರೂ ಆರಿದರೆ ಎರಡು ಕೊಡುವ ಸಿದ್ಧತೆಯಲ್ಲಿ.

ಆಗ ಒಳಗಿನಿಂದ ಅಮ್ಮನ ನಗು ಕೇಳಿಸಿತು. ತನ್ನ ನಗು ತನಗೆ ಕೇಳಿಸದವಳು ಅದನ್ನು ಅಳೆದು ನಗುವುದಿಲ್ಲ. ಅದು ಮನೆಯೆಲ್ಲ ತುಂಬುತ್ತದೆ. ನಾನು ತಡೆಯಲಾರದೆ ಬಾಗಿಲನ್ನು ಒಂದಿಷ್ಟು ಸರಿಸಿದೆ.

ಪರದೆಯ ಮೇಲೆ ಸಮಿತಿಯ ಮೂವರೂ ಅಮ್ಮ ಹೇಳಿದಂತೆ ತಮ್ಮ ಬಲಗೈಯನ್ನು ಕುರ್ಚಿಯ ಕೈಗೆ ಕಟ್ಟಿಕೊಂಡು ಕುಳಿತಿದ್ದರು. ಅವರಲ್ಲೊಬ್ಬರಾದ ಹಿರಿಯ ನರ್ಸಮ್ಮನ ಕೈಗೆ ಸ್ಟೆತಸ್ಕೋಪಿನ ಕೊಳವೆಯೇ ಹಗ್ಗ. ಎಡಗೈ ಒಂದರಿಂದಲೇ ನೀರು ಕೇಳಲು ಅವರು ಪಡುತ್ತಿದ್ದ ಪಾಡಿಗೆ ಅಮ್ಮ ನಕ್ಕಿದ್ದಳು. ಈಗ ನಗು ನಿಲ್ಲಿಸಿ ಹೇಳತೊಡಗಿದಳು. ಅವಳ ಕೈಗಳು ನನಗೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತಿದ್ದವು. ಆದರೂ ಒಂದು ಮಾತೂ ನನಗೆ ತಪ್ಪಲಿಲ್ಲ.

"ನನ್ನ ಮಗಳು ಹುಟ್ಟಿದ ದಿನ ನನ್ನ ಬಲಗೈಗೆ ಸೂಜಿ ಹಾಕಿ ಪಟ್ಟಿ ಸುತ್ತಿದ್ರು. ಎಡಗೈ ಹಾಸಿಗೆಗೆ ಒತ್ತಿ ಹಿಡಿದಿದ್ರು. ಮಗೂನ ಎತ್ಕೊಂಡು ಹೋದ್ರು. ಅದು ಅತ್ತಿತಾ ಅಂತ ಕೇಳ್ಬೇಕಿತ್ತು ನಂಗೆ. ಕೇಳೋಕೆ ಕೈ ಇರಲಿಲ್ಲ. ಎಲ್ಲರೂ ಒಳ್ಳೆಯವರೇ, ಹಣೆ ಸವರಿದ್ರು, ದಿಂಬು ಸರಿ ಮಾಡಿದ್ರು. ಯಾರೂ ಉತ್ತರ ಕೊಡಲಿಲ್ಲ, ಯಾಕಂದ್ರೆ ನಾನು ಪ್ರಶ್ನೇನೇ ಕೇಳೋ ಹಾಗಿರಲಿಲ್ಲ. ಅದಕ್ಕೆ ಇವತ್ತಿನ ಮೊದಲನೇ ಪಾಠ ಇಷ್ಟೇ: ಸೂಜಿ ಹಾಕೋ ಮುಂಚೆ ಯಾವ ಕೈಲಿ ಮಾತಾಡ್ತೀರಿ ಅಂತ ಕೇಳಿ. ಆ ಕೈ ಬಿಟ್ಟುಬಿಡಿ."

ಇಷ್ಟು ವರ್ಷದಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ, ತಡವರಿಸಲಿಲ್ಲ. ಒಂದೊಂದು ಬೆರಳೂ ಆಚೆಗೆ ತಲುಪುತ್ತಿತ್ತು. ಲ್ಯಾಪ್‌ಟಾಪಿನಿಂದ ಪಿಸುಮಾತಿನಷ್ಟೇ ಬರುತ್ತಿದ್ದ ಅನುವಾದಕಿಯ ದನಿ ಇನ್ನೂ ಸಣ್ಣಗಾಗುತ್ತ ಹೋದದ್ದು ನನಗೆ ಕೇಳಿಸಿತು. ಹಿರಿಯ ನರ್ಸಮ್ಮ ಕೊಳವೆಯ ಗಂಟು ಬಿಚ್ಚಿಕೊಳ್ಳುವುದನ್ನೇ ಮರೆತು ಕುಳಿತಿದ್ದರು.

ಅಮ್ಮ ಕನ್ನಡಿಯಲ್ಲಿ ನನ್ನನ್ನು ಕಂಡಳು. ಬಲಗೈ ಪಾಠ ಮುಂದುವರಿಸುತ್ತಿದ್ದಂತೆಯೇ ಎಡಗೈ ಮೇಜಿನ ಕೆಳಗಿನಿಂದ ಚುರುಕಾಗಿ ಬೀಸಿತು: ಹೊರಗೆ ಹೋಗು ಅಂದಿದ್ದೆ ತಾನೇ?

ಬಾಗಿಲು ಎಳೆದುಕೊಂಡೆ. "ಏನಾಯ್ತು? ಚಿತ್ರ ನಿಂತಿತಾ? ಯಾಕೆ ಕಣ್ಣು ಒರೆಸ್ಕೋತಿದೀಯಾ?" ಎಂದು ಅಪ್ಪ ನನ್ನ ಭುಜ ಅಲ್ಲಾಡಿಸಿದ.

"ನಿಂತಿಲ್ಲಪ್ಪಾ. ನೀರು ಕುಡಿದಷ್ಟು ಸಲೀಸಾಗಿ ಹೋಗ್ತಿದೆ."

ಪಾಠ ಮುಗಿಸಿ ಅಮ್ಮ ಹೊರಬಂದಾಗ ಮೂವರೂ ಒಟ್ಟಿಗೆ ಮುಗಿಬಿದ್ದೆವು. ಅವಳು ನಮ್ಮನ್ನು ದಾಟಿ ಅಡುಗೆಮನೆಗೆ ಹೋಗಿ, ಒಂದು ಲೋಟ ನೀರು ತುಂಬಿ, ನಿಂತು ಪೂರ್ತಿ ಕುಡಿದು, ಲೋಟ ತೊಳೆದಿಟ್ಟಳು. ನಮ್ಮನ್ನು ಕಾಯಿಸುವ ಅಧಿಕಾರ ಅವಳಿಗಿತ್ತು.

"ಮುಂದಿನ ವಾರದಿಂದ ಶುರು" ಎಂದಳು. "ಮೊದಲ ತಂಡದಲ್ಲಿ ಕಲಿಯೋಕೆ ಆ ಹಿರಿಯ ನರ್ಸಮ್ಮನೂ ಬರ್ತಾರಂತೆ. ಮೂವರಿಗೂ ಹೋಮ್‌ವರ್ಕ್ ಕೊಟ್ಟಿದೀನಿ."

"ಪರೀಕ್ಷೆ ಮಾಡೋಕೆ ಬಂದವರಿಗೇನಾ?" ಎಂದು ಮಾವ ಕೂಗಿಕೊಂಡು, ಅವಳಿಗೆ ಕೇಳಿಸದೆಂಬುದು ನೆನಪಾಗಿ ಅದನ್ನೇ ಕೈಯಲ್ಲಿ ಕೇಳಿದ.

"ಕೈಮಾತು ಬರದೇ ಇರೋರಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ?"

ಅಪ್ಪ ಏನೋ ಹೇಳಲು ಕೈಯೆತ್ತಿದ. ಅವನ ಕೈಮಾತು ಎಂದೂ ಅಷ್ಟಕ್ಕಷ್ಟೇ. ಆ ಹೊತ್ತಿನಲ್ಲಿ ಅದೂ ಬರಲಿಲ್ಲ. ರಾಡಿ ಒಣಗಿದ ಎರಡೂ ಅಂಗೈಗಳನ್ನು ಸುಮ್ಮನೆ ಅವಳ ಮುಂದೆ ಹಿಡಿದು ನಿಂತ. ಅಮ್ಮ ಅವುಗಳನ್ನು ಒಂದು ಕ್ಷಣ ಹಿಡಿದುಕೊಂಡು, ತೊಳೆದುಕೊಳ್ಳಿ ಎಂದು ನಲ್ಲಿಯ ಕಡೆಗೆ ತಳ್ಳಿದಳು.

ಊಟಕ್ಕೆ ಕೂರುವ ಮುಂಚೆಯೇ ಲ್ಯಾಪ್‌ಟಾಪ್ ಮತ್ತೆ ಮಿನುಗಿತು. ಹಿರಿಯ ನರ್ಸಮ್ಮ ತಮ್ಮ ಕೋಣೆಯಿಂದ ಒಬ್ಬರೇ ಕರೆ ಮಾಡಿದ್ದರು, ಬಲಗೈ ಬೆನ್ನ ಹಿಂದೆ. ಎಡಗೈಯಿಂದ ಬಹಳ ಎಚ್ಚರದಿಂದ "ಯಾವ ಕೈಲಿ ಮಾತಾಡ್ತೀರಿ?" ಎಂದು ಕೇಳಿ, ಶಾಲೆಯ ಮಗುವಿನಂತೆ ಅಮ್ಮನ ಮುಖವನ್ನೇ ನೋಡುತ್ತ ಕಾದರು.

ಅಮ್ಮ ಕುರ್ಚಿ ಎಳೆದುಕೊಂಡು ಕುಳಿತಳು. ತಲೆಯನ್ನು ಓರೆ ಮಾಡಿ ನೋಡಿದಳು. ಬಳಿಕ ಅವರ ಹೆಬ್ಬೆರಳು ಎಲ್ಲಿರಬೇಕೆಂದು ತನ್ನ ಹೆಬ್ಬೆರಳಿನಿಂದ ತೋರಿಸಿ, "ಇನ್ನೊಂದ್ಸಲ ಮಾಡಿ" ಎಂದಳು.